ಖಡಾ ಗದ್ದೆಮ್ಮನ ಈಚಲ ಬೊಡ್ಡೆ

ಮಸ್ಕಿಯಲ್ಲಿ ಗದ್ದೆಮ್ಮಂದಿರಿಗೆ ಯಾವ ಕಾಲಕ್ಕೂ ಕೊರತೆಯಿರಲಿಲ್ಲ. ಗುರುತು ಸಿಗಲಿ ಅಂತ ಒಬ್ಬಳನ್ನು ಮೇಲೋಣಿ ಗದ್ದೆಮ್ಮ ಅಂದರು, ಒಬ್ಬಳನ್ನು ಎಮ್ಮಿ ಗದ್ದೆಮ್ಮ ಅಂದರು, ಕಿವಿ ಮಂದ ಇದ್ದವಳನ್ನು ಅವಳಿಗೆ ಕೇಳಿಸದ ಹಾಗೆ ಕಿವುಡಿ ಗದ್ದೆಮ್ಮ ಅಂದರು. ಗುಡ್ಡದ ಬುಡದ ಹೂಗಾರ ಗದ್ದೆಮ್ಮನಿಗೆ ಮಾತ್ರ ಹೆಸರು ಬಂದದ್ದು ಸರಕಾರದ ಕಾಗದದಿಂದ. ಅದೂ ನಿಜಾಮರ ಸರಕಾರ, ಅದೂ ಉರ್ದುವಿನಲ್ಲಿ. ಖಡಾ ಗದ್ದೆಮ್ಮ. ಖಡಾ ಅಂದರೆ ನಿಂತದ್ದು. ಆ ಕಾಲದಲ್ಲಿ ದೊಡ್ಡ ದೊಡ್ಡ ದೇಸಾಯರು ಒಂದು ಬಿರುದಿಗಾಗಿ ವರ್ಷಗಟ್ಟಲೆ ಸಲಾಮು ಹೊಡೆದು ಸೊಂಟ ಹಿಡಿಸಿಕೊಂಡಿದ್ದರು. ಗದ್ದೆಮ್ಮ ಸೊಂಟ ಬಗ್ಗಿಸಿದ್ದು ಒಂದು ಕೊಳೆತ ಬೊಡ್ಡೆಯನ್ನು ಕೀಳುವುದಕ್ಕೆ. ಬಿರುದು ತಾನಾಗಿ ಬಂತು.

ಗದ್ದೆಮ್ಮ ಆಳು ಗಿಡ್ಡ, ತೋಳೂ ಗಿಡ್ಡ. ಹೂವು ಮಾರುವವರಿಗೆ ಇದಕ್ಕಿಂತ ದೊಡ್ಡ ವರವಿಲ್ಲ, ಯಾಕೆಂದರೆ ಮಾಲೆಯನ್ನು ಅಳೆಯುವುದು ಮಾರುವವರ ಮೊಳದಿಂದ, ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಕೊಳ್ಳುವವರು ಗೊಣಗುತ್ತಿದ್ದರು. ಉದ್ದ ತೋಳಿನವರು ಯಾರಾದರೂ ನಸುಕಿನಲ್ಲೆದ್ದು ಹೂವು ಬಿಡಿಸಿ ಕಟ್ಟಿಕೊಡಲಿ, ನಾನೇ ಹೋಗಿ ಕೊಳ್ಳುತ್ತೇನೆ ಅಂತ ಅವಳು ಬುಟ್ಟಿ ಎತ್ತುತ್ತಿದ್ದಳು. ಹಾಗೆ ಗೊಣಗುವವರ ಮನೆಗೆ ಮರುದಿನ ಬೇಕೆಂದೇ ಕೊನೆಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಬುಟ್ಟಿಯಲ್ಲಿ ಬಾಡಿದ್ದೇ ಉಳಿದಿರುತ್ತಿತ್ತು.

ಗಂಡ ಬಸ್ಸಪ್ಪ ಸಾಧು ಮನುಷ್ಯ. ಎಷ್ಟು ಸಾಧು ಅಂದರೆ ಹಿತ್ತಲಿನ ಕಳೆಗೂ ನೋವು ಮಾಡಿದವನಲ್ಲ. ಬಾವಿಯಿಂದ ನೀರು ಸೇದುವವಳು, ಹೂವು ಬಿಡಿಸುವವಳು, ಕಟ್ಟುವವಳು, ಹೊತ್ತು ತಿರುಗುವವಳು ಗದ್ದೆಮ್ಮ. ಉಳಿದ ಕೆಲಸವನ್ನೆಲ್ಲ ಬಸ್ಸಪ್ಪ ಈಚಲ ಗಿಡದ ನೆರಳಿನಲ್ಲಿ ಮಲಗಿ ನೋಡಿಕೊಳ್ಳುತ್ತಿದ್ದ. ಒಂದು ಸುಗ್ಗಿಯಲ್ಲಿ ಜ್ವರ ಬಂದು ಅವನು ತೀರಿಕೊಂಡ. ಆಮೇಲೂ ಹಿತ್ತಲಿನ ಕೆಲಸ ಮೊದಲಿನ ಹಾಗೇ ನಡೆಯಿತು, ಏನೂ ನಿಲ್ಲಲಿಲ್ಲ. ಬದಲಾದದ್ದು ಒಂದೇ. ದಿನಾ ಬುಟ್ಟಿ ಹೂವು ಕಟ್ಟುವ ಗದ್ದೆಮ್ಮ ಇನ್ನು ಮುಂದೆ ಒಂದು ಎಸಳನ್ನೂ ಮುಡಿಯುವಂತಿರಲಿಲ್ಲ. ಅದಕ್ಕೆ ಯಾವ ದಫ್ತರದ ಹುಕುಮೂ ಬೇಕಾಗಲಿಲ್ಲ, ಓಣಿಯ ಕಣ್ಣೇ ಸಾಕಿತ್ತು.

ಇನ್ನು ಆ ಈಚಲ ಗಿಡ. ಅದನ್ನು ಯಾರೂ ನೆಟ್ಟವರಲ್ಲ, ತಾನೇ ಹುಟ್ಟಿ ತಾನೇ ಬೆಳೆದಿತ್ತು. ಆದರೆ ಈಚಲದಿಂದ ಸಿಂದಿ ಅನ್ನುವ ಹೆಂಡ ಇಳಿಯುತ್ತದೆ, ಸಿಂದಿ ಇಳಿಯುವ ಗಿಡ ಯಾರ ಹಿತ್ತಲಲ್ಲೇ ಹುಟ್ಟಲಿ, ಅದರ ತಂದೆ ಸರಕಾರ. ಒಂದು ವರ್ಷ ಸಿಂಧನೂರಿನ ದಾರಿಯಿಂದ ಇಬ್ಬರು ಡಾಂಬರಿನ ಡಬ್ಬಿ ಹಿಡಿದು ಬಂದು ಊರಿನ ಈಚಲ ಗಿಡಗಳಿಗೆಲ್ಲ ನಂಬರು ಬರೆದರು. ಗದ್ದೆಮ್ಮನ ಹಿತ್ತಲಿನದಕ್ಕೆ ನೂರಾ ಹದಿನಾಲ್ಕು ಬಿತ್ತು. ಗೇಣುದ್ದದ ಅಂಕಿಗಳು. ಬಸ್ಸಪ್ಪನಿಗೆ ಓದಲು ಬರುತ್ತಿರಲಿಲ್ಲ, ಆದರೂ ಅಂದಿನಿಂದ ಆ ಗಿಡಕ್ಕೆ ಬೆನ್ನು ಕೊಟ್ಟು ಕೂತಾಗ ಅವನ ಮುಖದಲ್ಲಿ ಸರಕಾರಿ ನೌಕರನ ಗತ್ತು ಕಾಣುತ್ತಿತ್ತಂತೆ.

ಸಿಂದಿ ಇಳಿಸುತ್ತಿದ್ದವನು ನರಸಣ್ಣ. ಒಂದು ವರ್ಷ ಗಿಡದ ಕುತ್ತಿಗೆಯನ್ನು ಒಂದು ಮಗ್ಗುಲಿಗೆ ಕೆತ್ತಿ ಗಡಿಗೆ ಕಟ್ಟಿದರೆ, ಮುಂದಿನ ವರ್ಷ ಗಿಡಕ್ಕೆ ಸುಧಾರಿಸಿಕೊಳ್ಳಲು ಬಿಡಬೇಕು. ಇದು ನರಸಣ್ಣನಿಗೂ ಗೊತ್ತಿತ್ತು. ಆದರೆ ಗಿಡವೇ ಕೊಡುತ್ತಿರುವಾಗ ಬೇಡ ಅನ್ನುವುದು ಅವನ ಸಂಸ್ಕಾರದಲ್ಲಿರಲಿಲ್ಲ. ಬಸ್ಸಪ್ಪ ಹೋದ ಮರುವರ್ಷ ಗಿಡದ ತಲೆ ಒಣಗಿತು, ಒಂದು ಬಿರುಗಾಳಿಗೆ ಮುರಿದುಬಿತ್ತು. ಗಿಡ ಯಜಮಾನನ ದುಃಖದಲ್ಲಿ ಸತ್ತಿತು ಅಂತ ಓಣಿಯವರು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಹೆಚ್ಚು ಒರೆಸಿಕೊಂಡವನು ನರಸಣ್ಣ.

ಸೊಂಟದೆತ್ತರದ ಬೊಡ್ಡೆ ಉಳಿಯಿತು. ಅದರ ಮೇಲೆ ನಂಬರೂ ಉಳಿಯಿತು. ನಾಲ್ಕು ವರ್ಷದಲ್ಲಿ ಬೊಡ್ಡೆಯ ಒಡಲು ಕೊಳೆತು ನೆನೆದ ತೌಡಿನ ಹಾಗಾಯಿತು. ಹೆಬ್ಬೆರಳು ದಪ್ಪದ ಬಿಳಿ ಹುಳಗಳು ಒಳಗೆ ಮನೆ ಮಾಡಿದವು, ಅವುಗಳ ಬೆನ್ನಿಗೆ ಗೆದ್ದಲು ಬಂತು. ಗೆದ್ದಲು ಬೊಡ್ಡೆಯಲ್ಲೇ ಇದ್ದಿದ್ದರೆ ಗದ್ದೆಮ್ಮನೂ ಸುಮ್ಮನಿರುತ್ತಿದ್ದಳೋ ಏನೋ. ಅದು ನೆಲದೊಳಗೇ ದಾರಿ ಮಾಡಿಕೊಂಡು ಹೋಗಿ ಪಕ್ಕದ ಎರಡು ದುಂಡುಮಲ್ಲಿಗೆಯ ಬೇರು ತಿಂದು ಮುಗಿಸಿತು.

ಅದೇ ಚಳಿಗಾಲದಲ್ಲಿ ಸಾಲಗುಂದದಲ್ಲಿ ಅವಳ ತಾಯಿ ತೀರಿಕೊಂಡಳು. ಕರ್ಮ ಮುಗಿದ ಮೂರನೇ ದಿನವೇ ಅಣ್ಣಂದಿರು ತಾಯಿಯ ಹಿತ್ತಲು ಕಡಿದು ಕೊಟ್ಟಿಗೆಗೆ ಜಾಗ ಮಾಡಿದರು. ಅಷ್ಟು ಚುರುಕಾಗಿ ಅವರು ತಾಯಿಗೆ ವೈದ್ಯನನ್ನೂ ಕರೆತಂದಿರಲಿಲ್ಲ. ಐವತ್ತು ವರ್ಷದ ಮಲ್ಲಿಗೆ ಬಳ್ಳಿ ಬೇರುಸಮೇತ ಬೇಲಿಯ ಮೇಲೆ ಒಣಗುತ್ತಿತ್ತು. ಗದ್ದೆಮ್ಮ ಅತ್ತದ್ದು ಸ್ವಲ್ಪ, ಬೈದದ್ದು ಬಹಳ. ಬೈಯುತ್ತಲೇ ಹಸಿ ಇದ್ದ ನಾಲ್ಕು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮಸ್ಕಿಗೆ ಬಂದಳು. ಒಡಕು ಗಡಿಗೆಯಲ್ಲಿ ಊರಿದಳು. ಮೂರು ಸತ್ತವು, ಒಂದು ಚಿಗುರಿತು. ತಾಯಿಯ ಬಳ್ಳಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಒಂದು ಕಡ್ಡಿ.

ಯುಗಾದಿ ಬರುವಷ್ಟರಲ್ಲಿ ಅದರ ಬೇರು ಗಡಿಗೆಯ ಬಿರುಕಿನಿಂದ ಹೊರಗೆ ಬಿಳಿ ದಾರದಂತೆ ಇಣುಕತೊಡಗಿತು. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಬಿದ್ದ ಕೂಡಲೇ ನೆಲಕ್ಕೆ ಇಳಿಸಬೇಕು, ತಡವಾದರೆ ಬೇರು ಗಡಿಗೆಯಲ್ಲೇ ಸುತ್ತಿಕೊಂಡು ಕಟ್ಟಿಹೋಗುತ್ತದೆ. ಆದರೆ ಎಲ್ಲಿಗೆ ಇಳಿಸುವುದು? ಗುಡ್ಡದ ಬುಡ ಅಂದ ಮೇಲೆ ಹಿತ್ತಲಿನ ಮುಕ್ಕಾಲು ಪಾಲು ಬಂಡೆ. ಆಳದ ಮಣ್ಣು, ಬಾವಿಯ ಕಾಲುವೆ ನೀರು ಎರಡೂ ಸಿಗುವ ಜಾಗ ಉಳಿದದ್ದು ಒಂದೇ. ಅಲ್ಲಿ ಸರಕಾರ ಕೂತಿತ್ತು, ಕೊಳೆಯುತ್ತ.

ಒಂದು ಮುಂಜಾನೆ ಗದ್ದೆಮ್ಮ ಸೀರೆ ಎತ್ತಿ ಕಟ್ಟಿ ಗುದ್ದಲಿ ಹಿಡಿದಳು. ಮೊದಲ ಏಟು ಬೀಳುವ ಮುಂಚೆ ಬೇಲಿಯಾಚೆ ನರಸಣ್ಣನ ತಲೆ ಕಂಡಿತು.

“ಯಕ್ಕಾ, ಕೈ ತಗಿ. ಅದಕ್ಕ ನಂಬರ್ ಐತಿ.”

“ನಂಬರ್ ಐತಿ, ಜೀವ ಇಲ್ಲಲ್ಲೋ. ಜೀವ ನೀ ಗಡಿಗ್ಯಾಗ ಇಳಿಸ್ಕೊಂಡು ಹೋಗಿ ನಾಕ ವರ್ಷ ಆತು.”

“ಜೀವ ಯಾರ್ ಕೇಳ್ತಾರ? ದಫ್ತರದಾಗ ನಂಬರ್ ಕೇಳ್ತಾರ.”

ನರಸಣ್ಣ ಬಹಳ ಕಾಳಜಿಯಿಂದ, ಬೇಲಿಗೆ ಒರಗಿ ಕೂತು, ಗೊರೇಬಾಳದ ಕಡೆ ಯಾರೋ ಒಬ್ಬ ನಂಬರಿನ ಗಿಡ ಕಿತ್ತು ದಫ್ತರಕ್ಕೆ ಅಲೆದಲೆದು ಕೆರ ಸವೆಸಿದ ಕಥೆ ಹೇಳಿದ. ಅವನು ಹೇಳುವ ಉತ್ಸಾಹ ನೋಡಿದರೆ ಗದ್ದೆಮ್ಮನ ಕೆರವೂ ಸವೆದರೆ ಅವನಿಗೆ ಬೇಸರವಾಗುವ ಹಾಗೆ ಕಾಣುತ್ತಿರಲಿಲ್ಲ. ಅರ್ಜಿ ಹಾಕು, ಇಜಾಜತ್ ಬಂದ ಮೇಲೆ ಕೀಳು, ಅಷ್ಟೇ ಅಂದು ಎದ್ದು ಹೋದ. ಇಜಾಜತ್ ಅಂದರೆ ಅಪ್ಪಣೆ. ತನ್ನ ಹಿತ್ತಲಿನ ಕೊಳೆತದ್ದನ್ನು ತಾನು ಎತ್ತಿಹಾಕಲು ಬೇಕಾದ ಅಪ್ಪಣೆ.

ಅರ್ಜಿ ಬರೆಯುವವರು ಜಿಲಾನಿಸಾಬರು. ಸಂತೆಯ ದಿನ ಬೇವಿನ ಗಿಡದ ಕೆಳಗೆ ಮರದ ಪೆಟ್ಟಿಗೆ ಇಟ್ಟುಕೊಂಡು ಕೂಡುತ್ತಿದ್ದರು. ಅವರ ಅಕ್ಷರ ಹತ್ತು ಹಳ್ಳಿಗೆ ಪ್ರಸಿದ್ಧ. ನೋಡಿದವರೆಲ್ಲ ಎಷ್ಟು ಚಂದ ಅನ್ನುತ್ತಿದ್ದರು, ಓದಿದೆ ಅಂದವರು ಮಾತ್ರ ಯಾರೂ ಸಿಕ್ಕಿರಲಿಲ್ಲ. ಗದ್ದೆಮ್ಮ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದಳು: ಬೊಡ್ಡೆ ಕೊಳೆತಿದೆ, ಹುಳ ಬಿದ್ದಿದೆ, ಗೆದ್ದಲು ಹಿಡಿದಿದೆ, ಮಲ್ಲಿಗೆ ಸತ್ತಿದೆ, ತಾಯಿಯ ಕಡ್ಡಿ ಕಾಯುತ್ತಿದೆ. ಜಿಲಾನಿಸಾಬರು ತಾಯಿಯನ್ನೂ ಮಲ್ಲಿಗೆಯನ್ನೂ ಕೈಬಿಟ್ಟು, ಹುಜೂರರ ಪಾದಗಳನ್ನು ನಾಲ್ಕು ಸಾಲು ಹೊಗಳಿ, ಕೊನೆಯಲ್ಲಿ ನಂಬರು ನೂರಾ ಹದಿನಾಲ್ಕು ಸಡಾ ಅಂತ ಬರೆದು ಮುಗಿಸಿದರು. ಸಡಾ ಅಂದರೆ ಕೊಳೆತದ್ದು. ಕೂಲಿಗೆ ಎರಡು ಮೊಳ ಕನಕಾಂಬರ ತೆಗೆದುಕೊಂಡರು. ಮೊಳ ಗಿಡ್ಡ ಅಂತ ಅವರೂ ಗೊಣಗಿದರು, ಆದರೆ ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ.

ಹತ್ತಿಗಾಡಿಯ ಹಿಂದೆ ಕೂತು ಗದ್ದೆಮ್ಮ ಲಿಂಗಸುಗೂರಿಗೆ ಹೋದಳು. ಅಲ್ಲಿ ಗಿಡಗಳ ಲೆಕ್ಕ ಇಡುವ ಒಂದು ಪುಟ್ಟ ದಫ್ತರವಿತ್ತು. ಅದರ ನಿಜವಾದ ಹೆಸರಿಗೆ ನಾಲಿಗೆ ತಿರುಗದ ಜನ ಅದನ್ನು ಗಿಡದ ದಫ್ತರ ಅನ್ನುತ್ತಿದ್ದರು. ದಫ್ತರದ ಮುಂದೆ ಒಂದೂ ಗಿಡವಿರಲಿಲ್ಲ. ಒಳಗೆ ಒಬ್ಬ ಕಾರಕೂನ, ಒಂದು ಮೇಜು, ಒಂದು ನೀರಿನ ಹೂಜಿ. ಕಾರಕೂನ ಅರ್ಜಿಯನ್ನು ಎರಡೂ ಕೈಯಿಂದ ತೆಗೆದುಕೊಂಡು, ಅಕ್ಷರ ನೋಡಿ ವಾಹ್ ಅಂದು, ಗಾಳಿಗೆ ಹಾರದಿರಲಿ ಅಂತ ಹೂಜಿಯ ಕೆಳಗಿಟ್ಟ. ಹೋಗು, ಹುಕುಂ ಬರುತ್ತದೆ ಅಂದ.

ಹುಕುಂ ಬರುವಷ್ಟರಲ್ಲಿ ಬಿಸಿಲು ಬಂದು ಹೋಯಿತು. ಗದ್ದೆಮ್ಮ ಗಡಿಗೆಯನ್ನು ದಿನಕ್ಕೆ ಮೂರು ಸಲ ನೆರಳಿನ ಹಿಂದೆ ಹಿಂದೆ ಸರಿಸುತ್ತ ಹೋದಳು. ಬೆಳಿಗ್ಗೆ ಗೋಡೆಯ ಪಡುವಣ, ಮಧ್ಯಾಹ್ನ ಹಚ್ಚಡದ ಕೆಳಗೆ, ಸಂಜೆ ಗೋಡೆಯ ಮೂಡಣ. ಗಂಡನ ನೆರಳನ್ನೂ ಅವಳು ಇಷ್ಟು ಕಾದಿರಲಿಲ್ಲ ಅಂತ ಓಣಿಯವರು ನಕ್ಕರು. ಗಂಡ ತಾನೇ ನೆರಳು ಹುಡುಕಿಕೊಳ್ಳುತ್ತಿದ್ದ, ಆ ವಿದ್ಯೆ ಈ ಕಡ್ಡಿಗೆ ಬಾರದು ಅಂತ ಅವಳು ಉತ್ತರ ಕೊಟ್ಟಳು.

ಕಾರಹುಣ್ಣಿಮೆಗೆ ಎಂಟು ದಿನ ಇರುವಾಗ ತಳವಾರ ಕಾಗದ ತಂದ. ಗದ್ದೆಮ್ಮ ಅದನ್ನು ಹಿಡಿದು ಸಂತೆಗೆ ಓಡಿದಳು. ಅವಳ ಜೊತೆಗೆ ಪಕ್ಕದ ಮನೆಯ ರಮಜಾನಬಿಯೂ ಹೊರಟಳು. ರಮಜಾನಬಿ ಬಳೆ ಮಾರುವವಳು. ಇವಳ ಹೂವಿನ ಬುಟ್ಟಿ, ಅವಳ ಬಳೆಯ ಮಲಾರ ಇಪ್ಪತ್ತು ವರ್ಷದಿಂದ ಒಂದೇ ಓಣಿಗಳನ್ನು ತಿರುಗಿದ್ದವು. ಜಿಲಾನಿಸಾಬರು ಕಾಗದ ಬಿಡಿಸಿ ಗಂಭೀರವಾಗಿ ಓದಿದರು. ನೂರಾ ಹದಿನಾಲ್ಕನೆಯ ನಂಬರಿನ ನಿಂತ ಮರವನ್ನು ತೆಗೆಯಲು ಇಜಾಜತ್ ಇಲ್ಲ. ನಿಂತ ಮರ ನಿಂತೇ ಇರಬೇಕು.

“ಯಾರ್ ನಿಂತಾರಂತ?” ಅಂದಳು ಗದ್ದೆಮ್ಮ.

ರಮಜಾನಬಿಗೆ ನಗು ತಡೆಯಲಾಗಲಿಲ್ಲ. “ನೀ ಸಡಾ ಅಂತ ಬರಸಿದಿ. ಅವ್ರು ಖಡಾ ಅಂತ ಓದ್ಯಾರ. ನಿನ್ನ ಬೊಡ್ಡಿ ಎದ್ದು ನಿಂತೈತಿ ನೋಡಾ.”

ಆ ಲಿಪಿಯಲ್ಲಿ ಎರಡು ಮಾತಿಗೂ ಬಾಲ ಒಂದೇ, ತಲೆಯಷ್ಟೇ ಬೇರೆ. ಒಂದು ತಲೆ ತಪ್ಪಿದರೆ ಕೊಳೆತದ್ದು ನಿಂತುಬಿಡುತ್ತದೆ. ಜಿಲಾನಿಸಾಬರ ಮುಖ ಕೆಂಪಾಯಿತು. ತಮ್ಮ ಅಕ್ಷರದಲ್ಲಿ ತಪ್ಪು ಓದುವುದಕ್ಕೆ ಜಾಗವೇ ಇಲ್ಲ, ದಫ್ತರದವರ ಕಣ್ಣಿಗೆ ಪೊರೆ ಬಂದಿರಬೇಕು ಅಂದರು. ಇನ್ನೊಂದು ಅರ್ಜಿ ಬರೆಯುತ್ತೇನೆ, ಈ ಸಲ ಮೂರೇ ಮೊಳ ಅಂದರು. ಗದ್ದೆಮ್ಮ ಇನ್ನೊಂದು ಅರ್ಜಿ ಬೇಡ ಅಂದಳು. ಓದುವುದಕ್ಕೆ ಬಾರದವರಿಗೆ ತೋರಿಸಿಯೇ ಹೇಳಬೇಕು ಅಂತ ಮನೆಗೆ ಹೋಗಿ ಬೊಡ್ಡೆಯ ಹಿಂಬದಿಯಿಂದ ಒಂದು ಹಿಡಿ ಕೊಳೆತ ಮರ ಕಿತ್ತು ಉಡಿಯಲ್ಲಿ ಕಟ್ಟಿಕೊಂಡು ಮರುದಿನವೇ ಲಿಂಗಸುಗೂರಿಗೆ ನಡೆದಳು. ಆರು ಹರದಾರಿ. ಈ ಸಲ ಹತ್ತಿಗಾಡಿ ಸಿಗಲಿಲ್ಲ.

ಕಾರಕೂನನ ಮೇಜಿನ ಮೇಲೆ, ತೆರೆದ ದಾಖಲೆ ಪುಸ್ತಕದ ಪಕ್ಕದಲ್ಲಿ, ಅವಳು ಉಡಿ ಬಿಚ್ಚಿ ಸುರಿದಳು. ಹಳದಿ ಪುಡಿ, ನಾರು, ಒಂದು ದಪ್ಪ ಹುಳ. ಆರು ಹರದಾರಿ ಉಡಿಯಲ್ಲಿ ಕುಲುಕಿಸಿಕೊಂಡು ಬಂದ ಗೆದ್ದಲುಗಳು ಒಂದು ಕ್ಷಣ ದಿಕ್ಕು ತೋಚದೆ ನಿಂತು, ಆಮೇಲೆ ಒಂದೇ ಸಾಲಿನಲ್ಲಿ ಪುಸ್ತಕದ ಕಡೆ ಹೊರಟವು. ಅವಕ್ಕೆ ಮಾತ್ರ ಯಾರ ಇಜಾಜತ್ತೂ ಬೇಕಿರಲಿಲ್ಲ.

ಕಾರಕೂನ ಕುರ್ಚಿ ಹಿಂದೆ ಸರಿಸಿ ಎದ್ದ. ಪುಸ್ತಕ ಜಾಡಿಸಿದ. ಬೇರೆ ಯಾರಾದರೂ ಆಗಿದ್ದರೆ ಇದು ಕೊಳೆತದ್ದು ಅಂತ ತಿಳಿಯುತ್ತಿತ್ತು. ಅವನು ಓದಿದವನು, ಅವನಿಗೆ ಬೇರೆಯದೇ ತಿಳಿಯಿತು.

“ಸರಕಾರದ ಖಡಾ ಗಿಡದ ತುಕಡಿ ತಂದೀ. ಅಂದ್ರ ನೀನ ಕಡದೀ.”

“ಕಡೀಲಿಲ್ಲರಿ, ಕೈಯಾಗ ಬಂತು. ಅವಲಕ್ಕಿ ಇದ್ದಂಗ ಬಂತು.”

“ನಾನ ಬಂದು ಮೌಕಾ, ಗಿಡ ಇದ್ದ ಜಾಗಾ, ನೋಡ್ತೀನಿ. ಮಿರಗ ಕೂಡಿ ಹದಿನೈದು ದಿನಕ್ಕ ಬರ್ತೀನಿ. ನೂರಾ ಹದಿನಾಲ್ಕು ಖಡಾ ಇರಬೇಕು. ಇರಲಿಲ್ಲ ಅಂದ್ರ ಕಡದಾಕಿ ನೀನ ಅಂತ ಬರೀತೀನಿ.”

ಇದು ಅವಳು ತಂದ ಹುಕುಂ. ಹೋದಾಗ ಬೊಡ್ಡೆ ಕೀಳಬಾರದು ಅಂತಷ್ಟೇ ಇತ್ತು. ಬರುವಾಗ ಅದನ್ನು ನಿಲ್ಲಿಸಿಯೂ ಕೊಡಬೇಕಾಗಿತ್ತು.

ಮಿರಗ ಆ ವರ್ಷ ಒಂದು ದಿನವೂ ತಡಮಾಡಲಿಲ್ಲ. ಮಳೆ ಗುಡ್ಡದ ಮೇಲಿಂದ ಇಳಿದು ಹಿತ್ತಲು ತೊಯ್ಯಿಸಿತು. ಬೆಳಿಗ್ಗೆ ಗದ್ದೆಮ್ಮ ಗಡಿಗೆ ಎತ್ತಿ ನೋಡಿದಳು. ಬೇರು ಬಿರುಕಿನಿಂದ ಬೆರಳುದ್ದ ಹೊರಬಂದು ತುದಿ ಕಂದಿತ್ತು. ಕೆಳಗಿನ ಎರಡು ಎಲೆ ಹಳದಿ. ಇನ್ನು ಹದಿನೈದು ದಿನ ಕಾರಕೂನನಿಗೆ ಕಾದರೆ ಕಡ್ಡಿ ಇರುವುದಿಲ್ಲ. ಕಾಯದಿದ್ದರೆ ತಾನು ಇರುವುದಿಲ್ಲ. ಅವಳು ಬೊಡ್ಡೆಯ ಸುತ್ತ ಮೂರು ಸುತ್ತು ಹಾಕಿದಳು, ಗುಡಿಗೆ ಹಾಕುವ ಹಾಗೆ. ನಾಲ್ಕನೇ ಸುತ್ತಿನಲ್ಲಿ ನಿಂತು ನಂಬರಿನ ಮೇಲೆ ಬೆರಳಿನಿಂದ ಬಡಿದು ನೋಡಿದಳು. ಟಕ್ ಟಕ್ ಅಂದಿತು. ಪಕ್ಕದಲ್ಲಿ ಬಡಿದರೆ ಬೆರಳು ಒಳಗೇ ಹೋಯಿತು.

“ರಮಜಾನ್, ಇಲ್ಲಿ ಬಾ ಇಷ್ಟು,” ಅಂತ ಬೇಲಿಯಾಚೆ ಕರೆದಳು. “ಡಾಂಬರ್ ಬಳದಲ್ಲಿ ಅಷ್ಟ ಗಟ್ಟಿ ಐತಿ. ಸರಕಾರದ್ದು ಅಷ್ಟ. ಉಳಿದದ್ದೆಲ್ಲ ನಂದು.”

ರಮಜಾನಬಿ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಬಂದಳು.

ಇಬ್ಬರೂ ಸೇರಿ ಮೊದಲು ಬೊಡ್ಡೆಯ ಬುಡಕ್ಕೆ ನಾಲ್ಕು ಕೊಡ ನೀರು ಹೊಯ್ದು ಮಣ್ಣು ಮೆತ್ತಗೆ ಮಾಡಿದರು. ಕರಗಸ ಇರಲಿಲ್ಲ. ಹಾರೆಯ ತುದಿಯಿಂದ ನಂಬರಿನ ಎರಡೂ ಪಕ್ಕಕ್ಕೆ ಮೇಲಿಂದ ಕೆಳಗೆ ಗೆರೆ ಹೊಡೆದು, ಆ ತುಂಡನ್ನು ಹಲಗೆಯ ಹಾಗೆ ಬಿಡಿಸಿ ತೆಗೆದು ಗೋಡೆಗೆ ಆನಿಸಿದರು. ಅದು ಗೋಡೆಗೆ ಒರಗಿ ನಿಂತು ಉಳಿದ ಕೆಲಸವನ್ನೆಲ್ಲ ನೋಡುತ್ತಿತ್ತು, ಥೇಟ್ ಬಸ್ಸಪ್ಪನ ಹಾಗೆ. ಆಮೇಲೆ ಒಡಲು. ಅದಕ್ಕೆ ಕೊಡಲಿ ಬೇಕಾಗಲಿಲ್ಲ, ಬುಟ್ಟಿ ಸಾಕಾಯಿತು. ಬಿಳಿ ಹುಳಗಳನ್ನು ಆರಿಸಿ ರಮಜಾನಬಿಯ ಕೋಳಿಗಳ ಮುಂದೆ ಎಸೆದರು. ಕೋಳಿಗಳು ಅಂದು ಮದುವೆಮನೆಯ ಬೀಗರ ಹಾಗೆ ತಿಂದು ನಡೆಯಲಾರದೆ ಬೇಲಿಯ ಬುಡದಲ್ಲಿ ಕೂತವು.

ಬುಡದ ಕೆಲಸ ಮಾತ್ರ ಸುಲಭವಾಗಿರಲಿಲ್ಲ. ಈಚಲಕ್ಕೆ ಒಂದು ತಾಯಿಬೇರು ಅಂತ ಇಲ್ಲ. ಬೆರಳು ದಪ್ಪದ ಸಾವಿರ ಬೇರುಗಳು ಕಂಬಳಿ ಹೊಲಿದಂತೆ ಹೆಣೆದುಕೊಂಡಿರುತ್ತವೆ. ಸುತ್ತ ಮೊಳದಗಲ ಅಗೆದು, ಒಂದೊಂದು ಮಗ್ಗುಲಿಗೂ ಹಾರೆ ಇಟ್ಟು ಎತ್ತಿ, ಎದ್ದ ಬೇರುಗಳನ್ನು ಕುಡುಗೋಲಿನಿಂದ ಕೊಯ್ಯಬೇಕು. ಒಂದು ಮಗ್ಗುಲು ಬಿಟ್ಟಿತು ಅನ್ನುವಷ್ಟರಲ್ಲಿ ಇನ್ನೊಂದು ಹಿಡಿದುಕೊಳ್ಳುತ್ತಿತ್ತು. ಹೊತ್ತು ನೆತ್ತಿಗೆ ಬಂದಾಗ ಗದ್ದೆಮ್ಮ ಹಾರೆಯ ಮೇಲೆ ಪೂರ್ತಿ ಮೈಭಾರ ಹಾಕಿ ಜೋತುಬಿದ್ದಳು. ಗಿಡ್ಡ ಆಳು, ಕಾಲು ನೆಲ ಬಿಟ್ಟವು. ರಮಜಾನಬಿ ಅವಳ ಹೆಗಲ ಮೇಲೆ ತನ್ನ ಭಾರವನ್ನೂ ಹಾಕಿದಳು. ಗಡ್ಡೆ ಒಮ್ಮೆ ನಿಟ್ಟುಸಿರಿನಂಥ ಸದ್ದು ಮಾಡಿ ಎದ್ದಿತು. ಇಬ್ಬರೂ ಕೆಸರಿನಲ್ಲಿ ಬಿದ್ದರು. ರಮಜಾನಬಿಯ ಮೂರು ಬಳೆ ಒಡೆದವು.

ಗಡ್ಡೆ ಎದ್ದ ಗುಂಡಿಯ ಅಡಿಯಲ್ಲಿ ಗೆದ್ದಲಿನ ರಾಣಿ ಸಿಕ್ಕಿತು, ಬಿಳಿಯ ಬೆಣ್ಣೆಮುದ್ದೆಯ ಹಾಗೆ, ಸುತ್ತ ಚಾಕರಿಯವರ ಸೈನ್ಯದೊಂದಿಗೆ. ಇದರ ದಫ್ತರ ಲಿಂಗಸುಗೂರಿನದಕ್ಕಿಂತ ಚೊಕ್ಕಟ ಇತ್ತು ಅಂತ ಗದ್ದೆಮ್ಮ ಆಮೇಲೆ ಹೇಳುತ್ತಿದ್ದಳು. ಅದನ್ನು ಎತ್ತಿ ಕೋಳಿಗೆ ಹಾಕಿದಳು. ಗುಂಡಿಗೆ ಎರಡು ದಿನ ಬಿಸಿಲು ಕುಡಿಸಿದಳು. ಒಲೆಯ ಬೂದಿ ಹರಡಿ, ಅದರ ಮೇಲೆ ಬೇವಿನ ಹಿಂಡಿ ಹಾಕಿ, ಹಳ್ಳದಿಂದ ಹೊತ್ತು ತಂದ ಮೆಕ್ಕಲು ಮಣ್ಣು ತುಂಬಿದಳು. ಮೂರನೇ ದಿನ ಸಂಜೆ ಗಡಿಗೆಯನ್ನು ಕಲ್ಲಿನಿಂದ ಮೆಲ್ಲಗೆ ಒಡೆದು ಕಡ್ಡಿಯನ್ನು ಮಣ್ಣಿನ ಹೆಂಟೆಯ ಸಮೇತ ಇಳಿಸಿದಳು. ನಂಬರಿನ ಹಲಗೆಯನ್ನು ಅದರ ಪಕ್ಕದಲ್ಲಿ ನೆಟ್ಟಗೆ ಹೂತಳು. ಬಳ್ಳಿಗೆ ಆಸರೆ ಬೇಕೇ ಬೇಕಿತ್ತು. ಸರಕಾರ ಪ್ರಜೆಗಳಿಗೆ ಆಸರೆಯಾಗಬೇಕು ಅಂತ ಹುಕುಮುಗಳಲ್ಲೂ ಬರೆದಿರುತ್ತಿದ್ದರಂತೆ.

ಹೇಳಿದ ದಿನಕ್ಕೆ ಕಾರಕೂನ ಬಂದ. ಇದು ಅವನ ನೌಕರಿಯಲ್ಲೇ ಮೊದಲ ಸಲ ಇರಬೇಕು. ಜೊತೆಗೆ ದಾಖಲೆ ಪುಸ್ತಕ, ಅಳತೆಯ ಹಗ್ಗ. ನೋಡಲು ಓಣಿಯೆಲ್ಲ ಬೇಲಿಗೆ ಬಂದು ಅಂಟಿಕೊಂಡಿತು. ಎಲ್ಲರಿಗಿಂತ ಮುಂದೆ ಒಳ್ಳೆಯ ಜಾಗ ಹಿಡಿದು ನರಸಣ್ಣ ಕೂತಿದ್ದ. ತಮ್ಮ ಅಕ್ಷರದ ಮರ್ಯಾದೆ ಉಳಿಸಿಕೊಳ್ಳಲು ಜಿಲಾನಿಸಾಬರೂ ಬಂದಿದ್ದರು.

ಕಾರಕೂನ ಹಿತ್ತಲಿಗೆ ಕಾಲಿಟ್ಟವನೇ ಹಲಗೆ ನೋಡಿದ, ನಂಬರು 114 ನೋಡಿದ, ಅದಕ್ಕೆ ಒರಗಿದ ನಾಲ್ಕೆಲೆಯ ಮಲ್ಲಿಗೆ ನೋಡಿದ. ಗಿಡ ಎಲ್ಲಿ ಅಂತ ಕೇಳಬೇಕು ಅನ್ನುವಷ್ಟರಲ್ಲಿ ಜಿಲಾನಿಸಾಬರು ಸಲಾಮು ಮಾಡಿ, ಹುಜೂರ್, ಆ ಅರ್ಜಿ ಒಂದು ಸಲ ತೋರಿಸೋಣವಾಗಲಿ, ಅದರಲ್ಲಿ ನಾನು ಸಡಾ ಬರೆದದ್ದು ಅಂದರು. ಖಡಾ ಅಂತಲೇ ಇದೆ ಅಂತ ಕಾರಕೂನ ಅರ್ಜಿ ತೆಗೆದ. ಆ ಮೊದಲ ಅಕ್ಷರದ ಮೇಲೆ ಸರಿಯಾಗಿ ಹೂಜಿಯ ತಳದ ನೀರಿನ ಉಂಗುರ ಬಿದ್ದು ಮಸಿ ಹರಡಿತ್ತು. ಇನ್ನು ಅದು ಸಡಾ ಎಂದರೆ ಸಡಾ, ಖಡಾ ಎಂದರೆ ಖಡಾ. ಇಬ್ಬರೂ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು, ನೆರಳಿಗೆ ಹಿಡಿದು ನೋಡಿದರು. ಅಕ್ಷರದ ಗೀಟು ಮೇಲಿದೆ, ಇಲ್ಲ ಕೆಳಗಿದೆ ಅಂದರು. ಒಬ್ಬರು ಉಸ್ತಾದರ ಹೆಸರು ಹೇಳಿದರೆ ಇನ್ನೊಬ್ಬರು ತಮ್ಮ ಉಸ್ತಾದರ ಉಸ್ತಾದರ ಹೆಸರು ಹೇಳಿದರು. ಕೊಳೆತದ್ದೋ ನಿಂತದ್ದೋ ಅನ್ನುವ ಆ ವಾದ ಗಂಟೆಗಟ್ಟಲೆ ನಡೆಯಿತು. ವಾದದ ವಸ್ತು ಮಾತ್ರ ಹತ್ತು ಹೆಜ್ಜೆ ದೂರದ ತಿಪ್ಪೆಯಲ್ಲಿ ಬಿದ್ದಿತ್ತು. ಅತ್ತ ಒಬ್ಬರೂ ಕಣ್ಣು ಹಾಯಿಸಲಿಲ್ಲ.

ಗದ್ದೆಮ್ಮ ಅಷ್ಟು ಹೊತ್ತೂ ಮಲ್ಲಿಗೆಯ ಪಕ್ಕ ನಿಂತೇ ಇದ್ದಳು. ಸಡಾ ಅಂತ ತೀರ್ಮಾನವಾದರೆ ಕಾರಕೂನ ತಪ್ಪು ಓದಿದ ಹಾಗೆ, ಅದನ್ನು ಅವನು ಬರೆಯುವುದಿಲ್ಲ. ಖಡಾ ಅಂತ ತೀರ್ಮಾನವಾದರೆ ಗಿಡ ಎಲ್ಲಿ ಅನ್ನುವ ಮಾತು ಬರುತ್ತದೆ. ಹೊತ್ತು ಇಳಿಯುತ್ತಿತ್ತು. ಮಲ್ಲಿಗೆಗೆ ನೀರು ಹಾಕುವ ಹೊತ್ತು.

“ಸಾಹೇಬ್ರ,” ಅಂದಳು, “ಖಡಾ ಅಂದ್ರ ನಿಂತದ್ದು, ಹೌದಲ್ಲರಿ?”

“ಹೌದು.”

“ನಂಬರ್ ನಿಂತೈತಿ ನೋಡ್ರಿ. ನಾಕ ವರ್ಷದ ಮ್ಯಾಲೆ ಈಗ ಎಲಿನೂ ಬಿಟ್ಟೈತಿ. ನೀವು ಓದಿದ್ದ ಖರೆ. ಬರಕೋರಿ.”

ಜಿಲಾನಿಸಾಬರು ಬಾಯಿ ತೆರೆದರು. ರಮಜಾನಬಿ ಒಡೆದ ಬಳೆಗಳ ಕೈಯನ್ನು ಅವರ ಕಣ್ಣ ಮುಂದೆ ಒಂದು ಸಲ ಆಡಿಸಿದಳು. ಅವರು ಬಾಯಿ ಮುಚ್ಚಿದರು.

ಕಾರಕೂನ ಹಲಗೆ ನೋಡಿದ, ಅರ್ಜಿ ನೋಡಿದ, ಹೊತ್ತು ನೋಡಿದ. ತಾನು ಸರಿಯಾಗಿಯೇ ಓದಿದ್ದೆ ಅಂತ ಒಬ್ಬ ಸಾಕ್ಷಿ ತಾನಾಗಿ ಹೇಳುತ್ತಿದ್ದಾಳೆ. ಅದೂ ಆಪಾದಿತೆಯೇ. ಇಂಥ ಭಾಗ್ಯ ನೌಕರಿಯಲ್ಲಿ ಎರಡು ಸಲ ಬರುವುದಿಲ್ಲ. ಪುಸ್ತಕ ತೆರೆದು, ಗೆದ್ದಲು ತಿಂದ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದು, ನೂರಾ ಹದಿನಾಲ್ಕರ ಮುಂದೆ ಬರೆದ. ಖಡಾ. ಹರಾ. ನಿಂತದ್ದು, ಹಸಿರಾಗಿರುವುದು. ಎತ್ತರ ಬರೆಯುವ ಅಂಕಣದಲ್ಲಿ ಮೊದಲು ಹತ್ತು ಗಜ ಅಂತ ಇತ್ತು. ಕಾರಕೂನ ಹಗ್ಗ ಹಿಡಿದು ಮಲ್ಲಿಗೆ ಅಳೆದ. ಒಂದು ಗೇಣು. ಸ್ವಲ್ಪ ಯೋಚಿಸಿ, ಬೆಳೆಯುತ್ತಿದೆ ಅಂತ ಬರೆದ.

ಅಂದಿನಿಂದ ಅವಳು ಖಡಾ ಗದ್ದೆಮ್ಮ. ಮೊದಲು ಹಾಗೆ ಕರೆದವಳು ರಮಜಾನಬಿ. ಆಮೇಲೆ ಓಣಿ, ಆಮೇಲೆ ಊರು. ಸಿಂಧನೂರಿನ ಸಂತೆಯಲ್ಲಿ ಹೂವು ಕೊಳ್ಳುವವರೂ ಹಾಗೇ ಕೇಳಿಕೊಂಡು ಬರುತ್ತಿದ್ದರು. ನಾಲ್ಕನೆಯ ವರ್ಷ ಬಳ್ಳಿ ಹಲಗೆಯನ್ನು ಪೂರ್ತಿ ಹತ್ತಿ ಮುಚ್ಚಿತು. ಎಲೆ ಸರಿಸಿ ನೋಡಿದರಷ್ಟೇ ಅಂಕಿ ಕಾಣುತ್ತಿದ್ದವು. ಮೊಗ್ಗು ಬಿಟ್ಟಾಗ ಸಾಲಗುಂದದ ಅಣ್ಣಂದಿರು ಒಂದು ದಿನ ಬಂದು, ನಮ್ಮವ್ವನ ಮಲ್ಲಿಗಿ ವಾಸನಿ ಬಂದಂಗ ಆಗ್ತದಲ್ಲ ಅಂದರು. ಇದು ಈಚಲ ಗಿಡ, ಬೇಕಾದರೆ ದಫ್ತರಕ್ಕೆ ಹೋಗಿ ಕೇಳಿ ಅಂತ ಗದ್ದೆಮ್ಮ ಅವರಿಗೆ ಒಂದು ಹೂವನ್ನೂ ಕೊಡಲಿಲ್ಲ.

ದಫ್ತರದ ಪಟ್ಟಿಯೂ ತನ್ನ ಕೆಲಸ ಬಿಡಲಿಲ್ಲ. ಸಿಂದಿ ಇಳಿಸುವ ಹಂಗಾಮು ಬಂದಾಗ ನರಸಣ್ಣನ ಕೈಗೆ ನಂಬರುಗಳ ಚೀಟಿ ಬರುತ್ತಿತ್ತು. ಅದರಲ್ಲಿ ನೂರಾ ಹದಿನಾಲ್ಕು ಇದ್ದೇ ಇರುತ್ತಿತ್ತು. ಚೀಟಿಯಲ್ಲಿದ್ದ ಗಿಡಕ್ಕೆ ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ಹೇಳಬೇಕು, ಹೇಳಿದರೆ ಅರ್ಜಿ, ಅರ್ಜಿ ಅಂದರೆ ಜಿಲಾನಿಸಾಬರು. ಅದಕ್ಕೇ ನರಸಣ್ಣ ವರ್ಷಕ್ಕೊಂದು ಸಲ ಕತ್ತಿ, ಗಡಿಗೆ, ಸೊಂಟದ ಹಗ್ಗ ಸಮೇತ ಗದ್ದೆಮ್ಮನ ಹಿತ್ತಲಿಗೆ ಬಂದು ಮಲ್ಲಿಗೆಯ ಮುಂದೆ ನಿಲ್ಲುತ್ತಿದ್ದ.

“ಈ ವರ್ಷ ಎಷ್ಟ ಇಳೀತೈತಿ ಯಕ್ಕಾ?” ಅಂತ ಕೇಳುತ್ತಿದ್ದ.

ಗದ್ದೆಮ್ಮ ಮಾಲೆಯನ್ನು ತನ್ನ ಗಿಡ್ಡ ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು ಅಳೆಯುತ್ತಿದ್ದಳು. ಅವನಿಗೆ ಅಳೆಯುವಾಗ ಬೆರಳು ಸ್ವಲ್ಪ ಮಡಿಸಿರುತ್ತಿದ್ದಳು.

“ಒಂದ ಮೊಳ. ಹೆಂಡ್ತಿಗೆ ಕೊಡು. ಈ ಸಲ ಗಿಡಕ್ಕ ಒಂದು ವರ್ಷ ಬಿಟ್ಟು ಬಾ, ಸುಧಾರಿಸ್ಕೊಳ್ಳಲಿ.”